ಹುಳು ಮನೆಯಲ್ಲಿ ಕಲಿತ ನಗು

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಕಾರ್ಟೂನ್ ನೋಡಿದೆ. ಮನೆಗೆಲಸದ ನಡುವೆ ಕಣ್ಣಿಗೆ ಬಿದ್ದದ್ದನ್ನು ನಾನು ಎಣಿಸುತ್ತಿಲ್ಲ. ಕಾಲು ಮಡಚಿ ಕೂತು, ಮೊದಲಿನಿಂದ ಕೊನೆಯವರೆಗೆ, ಇನ್ನೊಬ್ಬರ ಪಕ್ಕದಲ್ಲಿ ಕೂತು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿದ್ದವಳು ನನ್ನ ಒಬ್ಬಳೇ ಮಗಳು. ಆಗ ತಾನೇ ಅವಳ ಹತ್ತನೇ ತರಗತಿ ಮುಗಿದಿತ್ತು. ಮನೆ ಬಿಟ್ಟು ಹೋಗುತ್ತೇನೆಂದು ಅವಳು ತೀರ್ಮಾನ ಮಾಡಿಯೂ ಆಗಿತ್ತು.

ಅಂಥ ದೂರವೇನೂ ಅಲ್ಲ. ನಾವಿರುವುದು ಚಿಂತಾಮಣಿಯಲ್ಲಿ, ಅವಳು ಆರಿಸಿಕೊಂಡ ಕಾಲೇಜು ಚಿಕ್ಕಬಳ್ಳಾಪುರದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಮಕ್ಕಳು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ಇವಳೂ ಹಾಗೇ ಮಾಡುತ್ತಾಳೆಂದುಕೊಂಡು ನಾನು ಹೊಸ ಟಿಫನ್ ಡಬ್ಬಿ ಕೂಡ ತಂದಿಟ್ಟಿದ್ದೆ. ಇವಳು ನೋಡಿದರೆ ಹಾಸ್ಟೆಲ್ಲಿನ ಅರ್ಜಿ ತುಂಬಿ, ಅವರಪ್ಪನ ಸಹಿ ಹಾಕಿಸಿಕೊಂಡು, ನನ್ನ ಸಹಿಗೆಂದು ಫ್ರಿಜ್ಜಿನ ಮೇಲೆ ಇಟ್ಟಿದ್ದಳು.

"ಬಸ್ಸಲ್ಲಿ ಹೋಗಕ್ಕೆ ಏನು ಕಷ್ಟನಮ್ಮಾ ನಿಂಗೆ?" ಎಂದು ಕೇಳಿದೆ.

"ಬಸ್ಸಿನ ಕಷ್ಟ ಅಲ್ಲ."

"ಮತ್ತೇನು? ಯಾರಾದ್ರೂ ಏನಾದ್ರೂ ಅಂದ್ರಾ?"

ಅವಳು ಉಗುರು ಕಚ್ಚಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟಳು. "ನಮ್ಮನೇಲಿ ಯಾರೂ ನಗಲ್ಲಮ್ಮ. ನಾನೊಂದು ಜೋಕ್ ಹೇಳಿದ್ರೆ ನೀನು ಎದ್ದು ಅಡಿಗೆ ಮನೆಗೆ ಹೋಗ್ಬಿಡ್ತೀಯ. ಇಲ್ಲಾಂದ್ರೆ ಆ ಕಡೆ ತಿರುಗ್ಕೊಂಡು ಪಾತ್ರೆ ತೊಳೀತೀಯ. ಗೋಡೆಗೆ ಹೇಳ್ದಂಗಾಗತ್ತೆ. ಹಾಸ್ಟೆಲ್ಲಲ್ಲಾದ್ರೆ ನಾಲ್ಕು ಜನ ಇರ್ತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆ ಎದ್ದು ಮೂರು ಜನಕ್ಕೆ ಅಡಿಗೆ ಮಾಡಿ, ಕಚೇರಿಗೆ ಓಡಿ, ಸಂಜೆ ಬಂದು ಮತ್ತೆ ಒಲೆ ಹಚ್ಚುವವಳಿಗೆ ನಗು ಬೇರೆ ಬಾಕಿ ಇತ್ತು ಎಂದು ಕೂಗಾಡಿದೆ. ಕೂಗಾಡುವುದಕ್ಕೆ ನನಗೆ ಯಾವತ್ತೂ ಅಡ್ಡಿಯಿರಲಿಲ್ಲ, ಅದೂ ಒಂದು ವಿಚಿತ್ರವೇ. ಸಹಿ ಹಾಕಲಿಲ್ಲ. ಎರಡು ದಿನ ತಾಯಿ ಮಗಳು ಮುಖ ಊದಿಸಿಕೊಂಡು ಓಡಾಡಿದೆವು. ನಮ್ಮವರು ಟೊಮೆಟೊ ಮಂಡಿಯಲ್ಲಿ ಕೆಲಸ ಮಾಡುವವರು. ಬೆಳಕು ಹರಿಯುವ ಮುಂಚೆ ಹೋಗಿ, ಮಧ್ಯಾಹ್ನ ಬಂದು ಉಂಡು ಮಲಗುತ್ತಾರೆ. ಹೀಗಾಗಿ ಈ ಜಗಳ ಅವರ ಕಿವಿಗೂ ಬಿದ್ದಿರಲಿಲ್ಲ.

ಎರಡು ದಿನದಲ್ಲಿ ನನ್ನ ಸಿಟ್ಟು ಇಳಿದು ಹೆದರಿಕೆ ಶುರುವಾಯಿತು. ಊಟ ಸರಿಯಿಲ್ಲವೆಂದು ಹೋಗುವವಳನ್ನು ಒಳ್ಳೆಯ ಸಾರು ಮಾಡಿ ನಿಲ್ಲಿಸಿಕೊಳ್ಳಬಹುದು. ಅಮ್ಮ ತನ್ನನ್ನು ಕಂಡು ಒಂದು ಸಲವೂ ನಕ್ಕಿಲ್ಲ ಎಂದು ಹೋಗುವವಳನ್ನು ಏನು ಮಾಡುವುದು? ಇವತ್ತು ಹಾಸ್ಟೆಲ್, ನಾಳೆ ಇನ್ನೆಲ್ಲೋ. ಈ ಮನೆಯ ನೆನಪೆಂದರೆ ಅವಳಿಗೆ ನನ್ನ ಬೆನ್ನು ಮಾತ್ರ ಉಳಿದರೆ?

ಭಾನುವಾರ ಬೆಳಿಗ್ಗೆ ಅವಳು ಟಿ.ವಿ. ಹಾಕಿಕೊಂಡು ಕೂತಿದ್ದಳು. ನಾನು ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಪಕ್ಕದಲ್ಲಿ ಕೂತೆ.

"ಏನದು ನೀನು ನೋಡೋದು, ನಂಗೂ ತೋರ್ಸು."

ಅವಳು ನನ್ನನ್ನು ಕರೆಂಟ್ ಬಿಲ್ ಕೊಡಲು ಬಂದವರನ್ನು ನೋಡುವ ಹಾಗೆ ನೋಡಿದಳು. "ಕಾರ್ಟೂನಮ್ಮ. ಒಂದು ಫ್ಯಾಮಿಲಿ ಕಥೆ. ಕಾಮಿಡಿ. ನಿಂಗೆ ಇಷ್ಟ ಆಗಲ್ಲ."

"ನೀನು ನೋಡಿದ್ಯಾ ನಂಗೆ ಇಷ್ಟ ಆಗದೇ ಇರೋದನ್ನ?" ಎಂದು ರಿಮೋಟ್ ತೆಗೆದುಕೊಂಡು, ನನಗೇ ತಿಳಿಯದೆ ಸೌಂಡ್ ಕಡಿಮೆ ಮಾಡಿದೆ.

"ಅಯ್ಯೋ! ಅಪ್ಪ ಮಂಡೀಲಿದ್ದಾರಮ್ಮ. ಇಲ್ಲಿ ಯಾರೂ ಮಲ್ಗಿಲ್ಲ," ಎಂದು ಅವಳು ಕಿತ್ತುಕೊಂಡು ಮತ್ತೆ ಜೋರು ಮಾಡಿದಳು.

ಸೌಂಡ್ ಕಡಿಮೆ ಮಾಡಿದ ಆ ಬೆರಳು ಚಿಂತಾಮಣಿಯದಲ್ಲ. ಅದನ್ನು ಹೇಳಬೇಕಾದರೆ ನಾನು ಹುಟ್ಟಿದ ಮನೆಗೆ ಹೋಗಬೇಕು.

ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಮೇಲೂರಿನಿಂದ ಸ್ವಲ್ಪ ಆಚೆಗೆ ನಮ್ಮ ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ ನಮ್ಮದು. ಈಗಿನವರು ಹುಳುವಿಗೆಂದು ತೋಟದಲ್ಲಿ ಬೇರೆ ಮನೆ ಕಟ್ಟುತ್ತಾರೆ. ನಮ್ಮ ಕಾಲದಲ್ಲಿ ಹುಳುವೂ ನಾವೂ ಒಂದೇ ಸೂರಿನಡಿ ಇದ್ದೆವು. ನಿಜ ಹೇಳಬೇಕೆಂದರೆ ಮನೆ ಹುಳುವಿನದು, ಮೂಲೆ ನಮ್ಮದು. ನಡುಮನೆಯ ತುಂಬ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿರುತ್ತಿದ್ದರು. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋಯಿತೆಂದರೆ ಮನೆ ತೊಳೆದು, ಸುಣ್ಣ ಬಳಿದು, ಸ್ವಲ್ಪ ದಿನದಲ್ಲೇ ಮುಂದಿನ ಬೆಳೆಗೆ ಕೈ ಹಾಕುತ್ತಿದ್ದರು.

ಹುಳು ದೊಡ್ಡದಾಗುವುದರೊಳಗೆ ನಾಲ್ಕು ಸಲ ಚರ್ಮ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು, ಒಂದು ದಿನಕ್ಕೂ ಹೆಚ್ಚು ಹೊತ್ತು ಅಲ್ಲಾಡದೆ ಇರುತ್ತದೆ. ಆಗ ಮನೆಯಲ್ಲಿ ಒಗ್ಗರಣೆಯ ಘಾಟು ಏಳಬಾರದು, ಊದುಬತ್ತಿ ಹಚ್ಚಬಾರದು, ಹೊರಗಿನವರು ಒಳಗೆ ಬರಬಾರದು. ಇಷ್ಟನ್ನು ಊರೆಲ್ಲ ಪಾಲಿಸುತ್ತಿತ್ತು. ನಗಬಾರದು ಎನ್ನುವುದು ಮಾತ್ರ ನಮ್ಮಪ್ಪನ ಸ್ವಂತ ಸೇರ್ಪಡೆ. ಅಪ್ಪ ಮೊದಲ ಸಲ ತಾವೇ ನಿಂತು ಹುಳು ಸಾಕಿದಾಗ, ಜ್ವರದ ದಿನವೇ ಮನೆತುಂಬ ನೆಂಟರು ಬಂದು ನಕ್ಕು ನಲಿದು ಹೋದರಂತೆ. ಆ ಬೆಳೆ ಪೂರ್ತಿ ಕೊಳೆತುಹೋಯಿತು. ನೆಂಟರ ಕಾಲಿನಿಂದ ಬಂದ ರೋಗ ಇರಬೇಕು ಎಂದು ಊರಿನವರು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ತಪ್ಪೆಲ್ಲ ನಗುವಿನ ತಲೆಗೆ ಕಟ್ಟಿದರು. ಯಾವ ತಟ್ಟೆಯ ಹುಳು ಯಾವಾಗ ಜ್ವರಕ್ಕೆ ಕೂರುತ್ತದೋ ಯಾರು ಕಂಡರು ಎಂದು ಆಮೇಲೆ ಇಡೀ ಬೆಳೆಗೇ ನಗು ಬಂದ್ ಆಯಿತು. ವರ್ಷಕ್ಕೆ ಐದು ಬೆಳೆ ತೆಗೆಯುವ ಮನೆಯಲ್ಲಿ ನಗುವುದಕ್ಕೆ ಎಷ್ಟು ದಿನ ಉಳಿಯುತ್ತದೆ, ನೀವೇ ಹೇಳಿ.

ಎದುರು ಮನೆಗೆ ಟಿ.ವಿ. ಬಂದಿತ್ತು. ಭಾನುವಾರ ಬೆಳಿಗ್ಗೆ ಬೊಂಬೆ ಸಿನಿಮಾ ಬರುತ್ತದೆಂದು ಶಾಲೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಆದರೆ ಅವರದೂ ಹುಳು ಮನೆ. ಒಂದು ಹುಳು ಮನೆಯವರು ಇನ್ನೊಂದರ ಹೊಸ್ತಿಲು ದಾಟುವಂತಿಲ್ಲ. ಭಾನುವಾರ ನನ್ನ ಪಾಲಿಗೆ ಸೊಪ್ಪು ಕೊಯ್ಯುವ ಕೆಲಸ ಬೇರೆ ಇರುತ್ತಿತ್ತು. ಸೊಪ್ಪಿನ ಹೊರೆ ಇಳಿಸಿ ಜಗಲಿಯ ಮೇಲೆ ಒಂದು ನಿಮಿಷ ಕೂತರೆ ಎದುರು ಮನೆಯ ಮಕ್ಕಳು ಬಿದ್ದು ಬಿದ್ದು ನಗುವುದು ಕೇಳಿಸುತ್ತಿತ್ತು. ಅದೇ ನಾನು ಕಂಡ ಬೊಂಬೆ ಸಿನಿಮಾ. ಹೊಟ್ಟೆಕಿಚ್ಚಿನಿಂದ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಆ ಜಗಲಿ, ಆ ಸೊಪ್ಪಿನ ಹಸಿ ವಾಸನೆ, ಒಳಗಿನಿಂದ ಅಮ್ಮ ಮೆಲ್ಲಗೆ ಕರೆಯುವ ದನಿ ಎಲ್ಲವೂ ಬೇಕೆನಿಸುತ್ತದೆ. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ.

ಸರಿ, ಮಗಳ ಕಾರ್ಟೂನಿಗೆ ಬರುತ್ತೇನೆ. ಅದರಲ್ಲಿ ಒಬ್ಬ ಅಪ್ಪ, ಒಬ್ಬಳು ಅಮ್ಮ, ಸ್ಕೂಟರ್ ಓಡಿಸುವ ಒಂದು ಅಜ್ಜಿ, ಮೂರು ಮಕ್ಕಳು. ಮೊದಲ ಹತ್ತು ನಿಮಿಷ ನನಗೆ ನಗು ಬರಲಿಲ್ಲ. ಮಕ್ಕಳು ಅಡಿಗೆ ಮನೆಯಲ್ಲಿ ಒಂದು ಮೂಟೆ ಹಿಟ್ಟು ಚೆಲ್ಲಿದರು. ಅದನ್ನು ಗುಡಿಸುವವರು ಯಾರು ಎಂದು ನನಗೆ ಚಿಂತೆಯಾಯಿತು. ಬಾಯಿ ಬಿಟ್ಟು ಹೇಳಿಯೂ ಬಿಟ್ಟೆ. "ಅಮ್ಮಾ, ಅದು ಕಾರ್ಟೂನು. ಮುಂದಿನ ಸೀನಲ್ಲಿ ತಾನೇ ಕ್ಲೀನ್ ಆಗಿರತ್ತೆ," ಎಂದಳು ಮಗಳು. ಅಂಥ ಅಡಿಗೆ ಮನೆ ನನಗೂ ಒಂದು ಇದ್ದಿದ್ದರೆ ಎಂದುಕೊಂಡೆ.

ಆಮೇಲೆ ಆ ಅಪ್ಪ ನೀರಿನ ಟ್ಯಾಂಕ್ ರಿಪೇರಿ ಮಾಡುತ್ತೇನೆಂದು ಮಾಳಿಗೆ ಹತ್ತಿದ. ಪ್ಲಂಬರ್‌ನನ್ನು ಕರೆಯಿರಿ ಎಂದು ಹೆಂಡತಿ ಬಡಿದುಕೊಂಡರೂ ಕೇಳಲಿಲ್ಲ. ಜಾರಿ ಟ್ಯಾಂಕಿನೊಳಗೆ ಬಿದ್ದ. ಪೈಪಿನೊಳಗೆ ಸುರುಳಿ ಸುರುಳಿಯಾಗಿ ಹಾದು, ಅಡಿಗೆ ಮನೆಯ ನಲ್ಲಿಯಿಂದ ತೊಟ್ಟು ತೊಟ್ಟಾಗಿ ಇಳಿಯತೊಡಗಿದ. ಆ ಹೆಂಗಸು ಗಾಬರಿಯಾಗಲೇ ಇಲ್ಲ. ನಲ್ಲಿಯ ಕೆಳಗೆ ಒಂದು ಬಿಂದಿಗೆ ಇಟ್ಟಳು. ಬಿಂದಿಗೆ ತುಂಬುತ್ತ ತುಂಬುತ್ತ ಗಂಡ ಅದರಿಂದ ತಲೆ ಎತ್ತಿ, "ಟ್ಯಾಂಕ್ ಸರಿಯಾಗಿದೆ, ಪೈಪಿನಲ್ಲೇ ಏನೋ ಅಡ್ಡ ಬಂದಿತ್ತು," ಎಂದ.

ನನಗೆ ತಡೆಯಲಾಗಲಿಲ್ಲ. ಸೆರಗು ತಾನಾಗಿ ಬಾಯಿಗೆ ಹೋಯಿತು. ಹೊಟ್ಟೆ ಕುಣಿಯಿತು, ಹೆಗಲು ಅಲುಗಿತು, ಕಣ್ಣಿನಿಂದ ನೀರು ಇಳಿಯಿತು. ಮುಖ ಗೋಡೆಯ ಕಡೆ ತಿರುಗಿಸಿದೆ.

ಟಿ.ವಿ. ಥಟ್ಟನೆ ನಿಂತಿತು. "ಅಮ್ಮಾ! ಯಾಕಮ್ಮಾ ಅಳ್ತಿದ್ದೀಯ?" ಎಂದು ಮಗಳು ನನ್ನ ಹೆಗಲು ಹಿಡಿದಳು. "ಹಾಸ್ಟೆಲ್ ವಿಷ್ಯಕ್ಕಾ?"

"ಅಳ್ತಿಲ್ಲ ಕಣೇ, ನಗ್ತಿದ್ದೀನಿ."

ಅವಳು ನಂಬಲಿಲ್ಲ. ಸೆರಗು ಸರಿಸಿ ಬಾಯಿ ನೋಡಿದಳು. "ಸದ್ದೇ ಬರ್ತಿಲ್ವಲ್ಲಮ್ಮಾ?"

ಆಗ ಅವಳಿಗೆ ಹುಳು ಮನೆಯ ಕಥೆ ಹೇಳಿದೆ. ನಮ್ಮಪ್ಪನ ಸುಣ್ಣದ ಪ್ರಸಂಗವನ್ನೂ ಹೇಳಿದೆ. ಜ್ವರಕ್ಕೆ ಕೂತ ಹುಳುವಿನ ಮೇಲೆ ತೆಳು ಬಟ್ಟೆಯ ಗಂಟಿನಿಂದ ಸುಣ್ಣದ ಪುಡಿ ಉದುರಿಸುವುದುಂಟು. ಒಂದು ದಿನ ಹಾಗೆ ಉದುರಿಸುವಾಗ ಅಪ್ಪನಿಗೆ ಸೀನು ಬಂತು. ಸದ್ದಾಗಬಾರದೆಂದು ಮೂಗು ಹಿಡಿಯಲು ಹೋಗಿ, ಕೈಯಲ್ಲಿದ್ದ ಸುಣ್ಣದ ಗಂಟನ್ನೇ ಮುಖಕ್ಕೆ ಒತ್ತಿಕೊಂಡುಬಿಟ್ಟರು. ಹುಬ್ಬು, ಮೀಸೆ ಎಲ್ಲ ಬಿಳಿ, ಕಣ್ಣೆರಡು ಮಾತ್ರ ಕಪ್ಪು. ಆ ಮುಖದಲ್ಲೇ ನಮ್ಮ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಸಿಟ್ಟು ಬಂದಾಗ ಬಾಯಿಗೆ ಬರುವ ತೆಲುಗಿನಲ್ಲಿ "ಊರ್ಕೋಂಡಿ" ಎಂದು ಪಿಸುಗುಟ್ಟಿದರು, ಸುಮ್ಮನಿರಿ ಎಂದು. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ನೆಲಕ್ಕೆ ಕೂತಳು. ನಾನು ಕಂಬ ತಬ್ಬಿಕೊಂಡೆ. ಅಪ್ಪ ನಮಗೆ ಬೆನ್ನು ಹಾಕಿ ನಿಂತರು. ಅವರ ಹೆಗಲೂ ಅಲುಗುತ್ತಿತ್ತು. ಅವರು ಕೋಪದಿಂದ ನಡುಗುತ್ತಿದ್ದಾರೆಂದೇ ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಮಗಳಿಗೆ ಹೇಳುತ್ತ ಹೇಳುತ್ತ ನನಗೆ ಗೊತ್ತಾಯಿತು, ಅಪ್ಪನೂ ನಗುತ್ತಿದ್ದರು.

ಮಗಳು ನಗಲಿಲ್ಲ. ನನ್ನ ಕಡೆ ತಿರುಗಿ ಕೂತಳು.

"ಹಂಗಾದ್ರೆ ನಾನು ನಮ್ಮ ಪಿ.ಟಿ. ಮೇಷ್ಟ್ರ ತರ ನಡೆದು ತೋರ್ಸಿದ್ನಲ್ಲ, ಅವತ್ತು?"

"ನಕ್ಕೆ. ಅದಕ್ಕೇ ಎದ್ದು ಒಳಗೆ ಹೋಗಿದ್ದು."

"ಅಪ್ಪನ ಗೊರಕೆ ರೆಕಾರ್ಡ್ ಮಾಡಿ ಅಪ್ಪಂಗೇ ಕೇಳ್ಸಿದಾಗ?"

"ಪಾತ್ರೆ ತೊಳೀತಾ ನಕ್ಕೆ. ಒಂದು ಲೋಟ ಕೂಡ ಒಡೀತು."

ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳು ಸಿಡಿದಳು. "ನಂಗ್ಯಾಕೆ ಹೇಳ್ಲಿಲ್ಲ ನೀನು? ನಾನು ಚಿಕ್ಕ ವಯಸ್ಸಿಂದ ಒಂದೊಂದೇ ಟ್ರೈ ಮಾಡ್ತಿದ್ದೆ, ಒಂದ್ಸಲ ಆದ್ರೂ ಅಮ್ಮನ್ನ ನಗಿಸ್ಬೇಕು ಅಂತ. ನಿಂಗೆ ನಾನಂದ್ರೆ ಇಷ್ಟಾನೇ ಇಲ್ಲ ಅಂದ್ಕೊಂಡಿದ್ದೆ." ಅಳು ಬಂದು ಮಾತು ನಿಂತಿತು. ನಾನೂ ಅತ್ತೆ. ಅದಕ್ಕೆ ಸದ್ದು ಧಾರಾಳವಾಗಿ ಬಂತು.

"ಹೋಗ್ಬೇಡ ಕಣೇ," ಎಂದೆ. "ನೀನಿಲ್ದೆ ನಂಗೆ ಆಗಲ್ಲ."

"ಸೀಟು ಸಿಕ್ಕಿದೆಯಲ್ಲಮ್ಮ, ಹೋಗ್ತೀನಿ," ಎಂದು ಮೂಗು ಒರೆಸಿಕೊಂಡಳು. "ಆದ್ರೆ ಬೇಜಾರು ಮಾಡ್ಕೊಂಡು ಹೋಗಲ್ಲ."

ಸಹಿ ಹಾಕಿದೆ. ಕಾಲೇಜು ಶುರುವಾಯಿತು, ಅವಳು ಹೋದಳು. ಮನೆ ಹೇಗಿತ್ತೆಂದು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಸಂಜೆ ಕಚೇರಿಯಿಂದ ಬಂದು ಬೀಗ ತೆಗೆಯಲು ಬೇಜಾರಾಗುತ್ತಿತ್ತು, ಅಷ್ಟು ಸಾಕು.

ಹಾಸ್ಟೆಲ್ಲಿನಲ್ಲಿ ಭಾನುವಾರ ಮಧ್ಯಾಹ್ನ ಮಾತ್ರ ಫೋನ್ ಕೊಡುತ್ತಾರೆ. ಮೊದಲ ಭಾನುವಾರ ಮೂರು ಗಂಟೆಗೆ ಕರೆ ಬಂತು. ನಮ್ಮವರು ಕೋಣೆಯಲ್ಲಿ ಮಲಗಿದ್ದರು. ಊಟ, ಸ್ನಾನ, ಹಾಸಿಗೆ ಎಲ್ಲ ವಿಚಾರಿಸಿದ ಮೇಲೆ ಅವಳು ಹೇಳಿದಳು. "ಅಮ್ಮಾ, ಇಲ್ಲಿ ಮುದ್ದೆ ಎಷ್ಟು ಗಟ್ಟಿ ಅಂದ್ರೆ, ನಿನ್ನೆ ನನ್ನ ತಟ್ಟೆಯಿಂದ ಜಾರಿ ಮೆಟ್ಲ ಮೇಲೆ ಟಣ್ ಟಣ್ ಅಂತ ಇಳ್ಕೊಂಡು ಹೋಗಿ ವಾರ್ಡನ್ ಮೇಡಂ ಕಾಲ ಹತ್ರ ನಿಂತ್ಕೊಳ್ತು. ಅವ್ರು ಅದನ್ನ ಕೈಗೆತ್ಕೊಂಡು, 'ಯಾರ್ರೇ ಅದು ಒಳಗೆ ಬಾಲ್ ಆಡ್ತಿರೋದು' ಅಂದ್ರು."

ಹೊಟ್ಟೆ ಕುಣಿಯಿತು. ಸೆರಗು ಬಾಯಿಗೆ ಹೋಯಿತು. ಗೋಡೆಯ ಕಡೆ ತಿರುಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಲೇ ಇದ್ದೆ.

"ಹಲೋ? ಅಮ್ಮಾ?" ಆ ಕಡೆಯಿಂದ ಮಗಳು ಕೂಗುತ್ತಿದ್ದಳು. "ಅಮ್ಮಾ, ಇದ್ದೀಯಾ? ಕಟ್ಟಾಯ್ತಾ?"

ಅವಳ ದನಿ ಸಣ್ಣಗಾಗತೊಡಗಿತು. ಹೆಗಲು ಅಲುಗುವುದು ಫೋನಿನಲ್ಲಿ ಕೇಳಿಸುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಸೆರಗನ್ನು ಬಾಯಿಂದ ಕಿತ್ತು ಬಿಟ್ಟೆ. ಹೊರಗೆ ಬಂದ ಸದ್ದು ನನಗೇ ಗುರುತು ಸಿಗಲಿಲ್ಲ. ಅರ್ಧ ಕೆಮ್ಮು, ಅರ್ಧ ಕೇಕೆ, ಒರಟು ಒರಟಾಗಿ ಬಂದು ಮನೆಯೆಲ್ಲ ತುಂಬಿಕೊಂಡಿತು. ನಮ್ಮವರು ನಿದ್ದೆಯಿಂದ ಧಡಕ್ಕನೆ ಎದ್ದು, "ಏನಾಯ್ತೇ? ಏನಾಯ್ತು?" ಎಂದು ಓಡಿ ಬಂದರು. ಕೈ ಆಡಿಸಿ ಏನಿಲ್ಲವೆಂದೆ. ನಗು ಮಾತ್ರ ನಿಲ್ಲಲಿಲ್ಲ.

ಫೋನಿನಲ್ಲಿ ಮಗಳು ಅಲ್ಲಿ ಯಾರನ್ನೋ ಕೂಗಿ ಕರೆಯತೊಡಗಿದಳು.

"ಲೇ, ಬೇಗ ಬನ್ರೇ ಇಲ್ಲಿ! ನಮ್ಮಮ್ಮ ನಗ್ತಿದ್ದಾಳೆ, ಕೇಳ್ರೇ!"