ಸೂರ್ಯ ಸುಮ್ಮನಿದ್ದ ವರ್ಷ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ರಾಜಾಜಿನಗರದ ಒಂದು ರೂಮಿನಲ್ಲಿ ಕೂತು ಸೂರ್ಯನಿಗೆ ಸಿಟ್ಟು ಬರಲೆಂದು ಕಾಯುತ್ತಿದ್ದೆ. ದೂರದ ಆಕಾಶದಿಂದ ಭೂಮಿಗೆ ವಿಶ್ವಕಿರಣಗಳು ಸದಾ ಬೀಳುತ್ತಿರುತ್ತವೆ. ಸೂರ್ಯ ಕೆರಳಿದಾಗ ಅವನಿಂದ ಹೊರಡುವ ಕಾಂತಶಕ್ತಿಯ ಗಾಳಿ ಅವನ್ನು ಆಚೆಗೆ ತಳ್ಳುತ್ತದೆ. ಅವುಗಳ ಎಣಿಕೆ ದಿಢೀರನೆ ಇಳಿದು, ನಾಲ್ಕಾರು ದಿನಗಳಲ್ಲಿ ಮೆಲ್ಲಗೆ ಏರುತ್ತದೆ. ಅಂಥದೊಂದು ಇಳಿತವನ್ನು ಹಿಡಿಯುವುದೇ ನನ್ನ ಪಿಎಚ್‌ಡಿ. ಕಾಲೇಜಿನ ತಾರಸಿ ರಿಪೇರಿಯಲ್ಲಿತ್ತು. ಹಾಗಾಗಿ ಈ ಕಿರಣಗಳನ್ನು ಎಣಿಸುವ ಯಂತ್ರದ ಮಂಚದಗಲದ ಪೆಟ್ಟಿಗೆಯನ್ನು ನಾನಿದ್ದ ಬಾಡಿಗೆ ಮನೆಯ ತಾರಸಿಯ ಮೇಲಿಟ್ಟು, ತಂತಿಯನ್ನು ರೂಮಿಗೆ ಎಳೆದಿದ್ದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘ಯಾರೂ ಮುಟ್ಟಬಾರದು’ ಎಂದು ಬರೆದಿದ್ದೆ. ಅದು ಅಲುಗಬಾರದೆಂದು ನಾನೇ ಮೇಲೆ ಹೋಗುತ್ತಿರಲಿಲ್ಲ.

ಒಂದು ವರ್ಷ ಸೂರ್ಯ ಮಿಸುಕಲಿಲ್ಲ. ಯಂತ್ರವೇ ಕೆಟ್ಟಿದೆ ಎಂದು ನಮ್ಮ ಗೈಡ್ ತೀರ್ಮಾನಿಸಿದರು. ತಿಂಗಳ ಕೊನೆಗೆ ಅದನ್ನು ಬಿಚ್ಚಿಸಿ, ನನ್ನನ್ನು ಬೇರೆ ವಿಷಯಕ್ಕೆ ಹಾಕುತ್ತೇನೆಂದರು. ನನಗೆ ಊಟ ಸೇರಲಿಲ್ಲ.

ಮರುವಾರ ಸೋಮವಾರ ಬೆಳಿಗ್ಗೆ ಎಣಿಕೆ ಧೊಪ್ಪನೆ ಬಿತ್ತು. ಆಮೇಲೆ ದಿನಕ್ಕಿಷ್ಟು ಏರಿತು. ಪುಸ್ತಕದಲ್ಲಿದ್ದ ಚಿತ್ರವೇ! ಗೈಡ್ ಮೊದಲ ಸಲ ನನಗೆ ಕಾಫಿ ತರಿಸಿಕೊಟ್ಟು, ಶನಿವಾರ ಸೆಮಿನಾರಿನಲ್ಲಿ ಮಾತಾಡಲು ಹೇಳಿದರು.

ಶುಕ್ರವಾರ, ಹೋಗಲಿ ಒಮ್ಮೆ ಯಂತ್ರದ ಮುಖ ನೋಡೋಣವೆಂದು ತಾರಸಿ ಹತ್ತಿದೆ. ಪೆಟ್ಟಿಗೆಯ ಮೇಲೆ ನಾಲ್ಕು ದೊಡ್ಡ ತಾಮ್ರದ ಹಂಡೆಗಳು. ಮೂರು ಖಾಲಿ, ಒಂದರಲ್ಲಿ ಅರ್ಧ ನೀರು. ನನ್ನ ಯಂತ್ರ ಎಣಿಸುವ ಕಣಗಳಿಗೆ ನೀರೆಂದರೆ ಗೋಡೆ. ಓಡಿಹೋಗಿ ಮನೆಯೊಡತಿಯನ್ನು ಕೇಳಿದೆ. ಅವರು ದಾವಣಗೆರೆ ಕಡೆಯವರು. ಊರಿನ ಮಠದ ಸ್ವಾಮಿಗಳು ಸೋಮವಾರದಿಂದ ಮನೆಯಲ್ಲಿದ್ದರಂತೆ. ಅವರ ಪೂಜೆಗೂ ಅಡಿಗೆಗೂ ಮಡಿಯಲ್ಲಿ ನೀರು ತುಂಬಿಟ್ಟು, ದಿನಾ ಬೇಕಾದಷ್ಟು ಇಳಿಸಿಕೊಂಡರಂತೆ.

“ಯಾರೂ ಮುಟ್ಟಬಾರದು ಅಂತ ನೀವೇ ಬರ್ದಿದ್ರಲ್ಲಪ್ಪಾ,” ಎಂದರು. “ಇಡೀ ಮನೇಲಿ ಮಡಿ ಅಂದ್ರೆ ಅದೊಂದೇ ಜಾಗ.”

ಸಿಟ್ಟು ನೆತ್ತಿಗೇರಿತು. ಆದರೆ ಬಯ್ಯುವುದು ಯಾರನ್ನು, ಬರೆದವನು ನಾನೇ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗದು ಎಂಬ ಆಸೆಯೂ ಹುಟ್ಟಿತು. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಶನಿವಾರ ಎಲ್ಲರೆದುರು ಗ್ರಾಫ್ ಬರೆದು, ಇದು ಸೂರ್ಯನ ಕೆಲಸವಲ್ಲ, ಸ್ವಾಮಿಗಳ ಮಡಿ ನೀರಿನದು ಎಂದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೈಡ್ ನಗಲಿಲ್ಲ. ಹಂಡೆಗೆ ಎಷ್ಟು ನೀರು ಹಿಡಿಯುತ್ತದೆಂದು ಕೇಳಿ, ಚೀಟಿಯ ಮೇಲೆ ಲೆಕ್ಕ ಹಾಕತೊಡಗಿದರು.

“ಅಷ್ಟು ನೀರಿಗೆ ಎಷ್ಟು ಇಳೀಬೇಕೋ ಅಷ್ಟೇ ಇಳಿದಿದೆ ಕಣ್ರೀ,” ಎಂದರು ಕೊನೆಗೆ. “ಯಂತ್ರ ಸರಿಯಾಗೇ ಇದೆ. ಇನ್ನೊಂದು ವರ್ಷ ಅಲ್ಲೇ ಇರ್ಲಿ. ಸೂರ್ಯನೂ ಏನಾದ್ರೂ ಮಾಡ್ಲಿ, ನೋಡೋಣ.”