ಸುವರ್ಣಾ ಅವರ ಹೊಟ್ಟೆ

ಸುವರ್ಣಾ ಹಸಿಮೆಣಸಿನಕಾಯಿಯನ್ನು ಸೌತೆಕಾಯಿಯಂತೆ ಕಚ್ಚಿ ತಿನ್ನುತ್ತಿದ್ದರು. ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ, ಮಾತಾಡುತ್ತಲೇ. ಯಲಹಂಕದ ನಮ್ಮ ಕಾಲೇಜಿನ ಆಫೀಸಿನಲ್ಲಿ ಅವರು ಡಬ್ಬಿ ಬಿಚ್ಚಿದರೆ ಶೇಂಗಾ ಚಟ್ನಿ, ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಜೋಳದ ರೊಟ್ಟಿ. ಎದುರಿಗೆ ನಾನು, ನನ್ನ ಮೊಸರನ್ನ.

ನನ್ನದು ಹುಟ್ಟಾ ನಾಜೂಕಿನ ಹೊಟ್ಟೆ. ಮದುವೆಮನೆಗೆ ಹೋದರೆ ಶೌಚಾಲಯ ಎಲ್ಲಿದೆ ಎಂದು ಮೊದಲು ನೋಡಿಕೊಂಡು, ಆಮೇಲೆ ಅಕ್ಷತೆ ಹಾಕುವವಳು ನಾನು. ಕರುಳಿನಲ್ಲಿ ಇರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿರಬಹುದು ಎಂದು ಡಾಕ್ಟರು ಪ್ರೋಬಯಾಟಿಕ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಊಟವಾದ ಮೇಲೆ ನಾನು ಅದನ್ನು ನುಂಗುವುದನ್ನು ಸುವರ್ಣಾ ಆಟ ನೋಡುವಂತೆ ನೋಡುತ್ತಿದ್ದರು.

"ಅಕ್ಕಾರ, ಮಂದಿ ಬ್ಯಾಕ್ಟೀರಿಯಾ ಓಡಸಾಕ ಗುಳಿಗಿ ತಗೋತಾರ. ನೀವು ಅಂಗಡ್ಯಾಗಿಂದ ತಂದು ಸಾಕಾಕತ್ತೀರಲ್ರೀ?"

ಆಫೀಸು ಪೂರ್ತಿ ನಗುತ್ತಿತ್ತು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಕುದಿಯುತ್ತಿದ್ದೆ. ಬಾಗಲಕೋಟೆಯಿಂದ ಬಂದು ವರ್ಷ ತುಂಬುವುದರೊಳಗೆ ಅವರು ಎಲ್ಲರಿಗೂ ಬೇಕಾದವರಾಗಿಬಿಟ್ಟಿದ್ದರು. ಬೀದಿಬದಿಯ ಗೋಬಿ, ಪ್ರಿನ್ಸಿಪಾಲರ ಮನೆಯ ಹೋಳಿಗೆ, ಲೈಬ್ರರಿಯ ಮುಮ್ತಾಜ್ ತರುವ ಬಿರಿಯಾನಿಯ ಮಸಾಲೆ ಅನ್ನ, ಯಾರು ಏನು ಕೊಟ್ಟರೂ ಬೇಡವೆನ್ನದೆ ಕೈಚಾಚುತ್ತಿದ್ದರು. ಬೇಡವೆನ್ನದವರ ಹತ್ತಿರ ಜನ ಸೇರುತ್ತಾರೆ. "ನಿಮಗೆ ಆಗಲ್ಲ ಅಲ್ವಾ ಮೇಡಂ" ಎಂದು ನನ್ನನ್ನು ದಾಟಿ ಅವರ ಮೇಜಿಗೆ ಹೋಗುವ ತಟ್ಟೆಗಳನ್ನು ನೋಡುತ್ತಾ ಕೂತಿರುತ್ತಿದ್ದೆ. ಹೊಟ್ಟೆಕಿಚ್ಚು ಎಂಬ ಮಾತು ನನಗೆ ಎರಡು ಅರ್ಥದಲ್ಲೂ ಸರಿಯಾಗಿ ಒಪ್ಪುತ್ತಿತ್ತು.

ಒಮ್ಮೆ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಎಲ್ಲರೂ ಮಿನಿ ಬಸ್ಸಿನಲ್ಲಿ ಹೊರಟಿದ್ದೆವು. ಕೊಡಿಗೇಹಳ್ಳಿ ದಾಟುವಷ್ಟರಲ್ಲಿ ವಾಹನಗಳು ನಿಂತವು, ನನ್ನ ಹೊಟ್ಟೆ ಹೊರಳಿತು. ಹಿಂದೆ ಮುಂದೆ ಲಾರಿಗಳು. ಬಸ್ಸಿನ ತುಂಬ ಗಂಡಸರು. ಬೆವರುತ್ತಾ ಸೀಟಿನ ಕಂಬಿ ಹಿಡಿದು ಕೂತೆ. ಪಕ್ಕದಲ್ಲಿದ್ದ ಸುವರ್ಣಾ ನನ್ನ ಮುಖ ನೋಡಿದವರೇ ಎದ್ದು ನಿಂತರು.

"ಡ್ರೈವರ್ ಸಾಹೇಬ್ರ, ಗಾಡಿ ಬಾಜೂಕ ಹಚ್ರಿ. ನನ್ನ ಹೊಟ್ಟಿ ಕೆಟ್ಟೈತಿ."

"ಇಲ್ಲಿ ಎಲ್ಲಿ ಹಾಕ್ಲಿ ಮೇಡಂ, ಟ್ರಾಫಿಕ್‌ನೋರು ಹಿಡೀತಾರೆ."

"ಹಿಡದ್ರ ನನ್ನ ತೋರಸ್ರಿ. ನಿಲ್ಲಸಲಿಲ್ಲಂದ್ರ ಗಾಡಿ ನೀವ ತೊಳೀಬೇಕಾಗ್ತೈತಿ."

ಬಸ್ಸು ರಸ್ತೆ ಬದಿಗೆ ಸರಿದು ನಿಂತಿತು. "ಅಕ್ಕಾರ, ನೀವೂ ಜೋಡಿ ಬರ್ರಿ, ನನಗ ಒಬ್ಬಾಕಿಗೆ ಅಂಜಿಕಿ" ಎಂದು ನನ್ನ ಕೈ ಹಿಡಿದು ಪೆಟ್ರೋಲ್ ಬಂಕಿನವರೆಗೆ ಓಡಿಸಿದರು. ನಾನು ಒಳಗೆ, ಅವರು ಬಾಗಿಲ ಕಾವಲಿಗೆ.

ವಾಪಸ್ ಬಂದಾಗ ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿ ಅವರನ್ನು ಬರಮಾಡಿಕೊಂಡರು. ಅವರು ಸೊಂಟದ ಮೇಲೆ ಕೈಯಿಟ್ಟು, "ಈಗ ಹಗುರಾತು ನೋಡ್ರಿ" ಎಂದರು. ನನ್ನ ಮಾನ ಉಳಿದಿತ್ತು. ಕೃತಜ್ಞತೆ ಹುಟ್ಟಬೇಕಾದ ಜಾಗದಲ್ಲಿ ನನಗೆ ಬೇರೆಯದೇ ಹುಟ್ಟಿತು. ಇದೇ ಮಾತನ್ನು ನಾನು ಹೇಳಿದ್ದರೆ ಸತ್ತೇ ಹೋಗುತ್ತಿದ್ದೆ. ಅವರಿಗೆ ಅವಮಾನವೂ ಒಡವೆಯಂತೆ ಒಪ್ಪುತ್ತಿತ್ತು.

ಆಮೇಲೆ ಅವರಿಗೆ ಟೈಫಾಯ್ಡ್ ಬಂತು. ಜೋರು ಆ್ಯಂಟಿಬಯಾಟಿಕ್ ಜ್ವರವನ್ನು ಇಳಿಸಿತು, ಜೊತೆಗೆ ಹೊಟ್ಟೆಯನ್ನೂ ಕೆಡಿಸಿತು. ಪುಟ್ಟೇನಹಳ್ಳಿ ಕೆರೆಯ ಹತ್ತಿರದ ಅವರ ಬಾಡಿಗೆ ಮನೆಗೆ ಹೋದಾಗ ಹಾಸಿಗೆಯಲ್ಲಿ ಅರ್ಧ ಆಳಾಗಿ ಮಲಗಿದ್ದರು. ದಿಂಬಿನ ಪಕ್ಕದಲ್ಲಿ ಡಾಕ್ಟರು ಕೊಟ್ಟ ಕ್ಯಾಪ್ಸೂಲು. ನಾನು ನುಂಗುತ್ತಿದ್ದದ್ದೇ.

"ನಿಮ್ಮ ಸಾಕು ಪ್ರಾಣಿ ನಮ್ಮ ಮನಿಗೂ ಬಂದಾವು ನೋಡ್ರಿ" ಎಂದು ಸಣ್ಣ ದನಿಯಲ್ಲಿ ನಕ್ಕರು.

ನನಗೆ ಆ ಹೊತ್ತು ತುಂಬ ಹಿತವಾಗಿತ್ತು. ಆ್ಯಂಟಿಬಯಾಟಿಕ್ ಜೊತೆಗೇ ನುಂಗಬೇಡಿ, ನಡುವೆ ಹೊತ್ತು ಬಿಡಿ, ಬಿಸಿ ನೀರು ಬೇಡ ಎಂದು ನನ್ನ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ದಿನಾ ಸಂಜೆ ಮೊಸರನ್ನ ಕಲಸಿಕೊಂಡು ಹೋಗುತ್ತಿದ್ದೆ. ಇಬ್ಬರೂ ಒಂದೇ ಊಟ ಉಣ್ಣುತ್ತಿದ್ದೆವು. ಅವರಿಗೆ ಬೇರೆ ಯಾರ ತಟ್ಟೆಯೂ ಬೇಕಿರಲಿಲ್ಲ. ಅಷ್ಟು ದಿನ ಅವರು ನನಗೊಬ್ಬಳಿಗೇ ಸೇರಿದ್ದರು.

ಕೆಲವು ವಾರಗಳಲ್ಲಿ ಅವರು ಆಫೀಸಿಗೆ ಮರಳಿದರು. ಬಂದ ದಿನವೇ ಮೆಣಸಿನಕಾಯಿ ಬಜ್ಜಿ ತರಿಸಿದರು. ಮುಮ್ತಾಜ್ ಕುಣಿದಾಡಿದಳು. ವರ್ಷಗಟ್ಟಲೆ ನಿಷ್ಠೆಯಿಂದ ನುಂಗಿದವಳು ನಾನು. ವಾಸಿಯಾದದ್ದು ಅವರ ಹೊಟ್ಟೆ. ಡಾಕ್ಟರನ್ನು ಕೇಳಿದರೆ, "ಒಬ್ಬೊಬ್ಬರ ಕರುಳು ಒಂದೊಂದು ಥರ ಅಮ್ಮಾ. ಎಲ್ರಿಗೂ ಒಂದೇ ಥರ ಕೆಲಸ ಮಾಡುತ್ತೆ ಅಂತ ಹೇಳಕ್ಕಾಗಲ್ಲ" ಎಂದರು. ಅಂದಿನಿಂದ ಕೆಲಸದ ನೆಪ ಹೇಳಿ ಬೇರೆ ಹೊತ್ತಿಗೆ ಊಟಕ್ಕೆ ಕೂರತೊಡಗಿದೆ.

ಮುಂದಿನ ಬೇಸಿಗೆಯಲ್ಲಿ ಅವರಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಯಶವಂತಪುರ ಸ್ಟೇಷನ್ನಿಗೆ ಬೀಳ್ಕೊಡಲು ನಾನೂ ಹೋದೆ. ಹೋಗದಿದ್ದರೆ ಎಲ್ಲರೂ ಗಮನಿಸುತ್ತಿದ್ದರು. ಉಳಿದವರು ಸಾಮಾನು ಏರಿಸಲು ಬೋಗಿಯೊಳಗೆ ಹೋದಾಗ ಸುವರ್ಣಾ ಕೈಚೀಲದಿಂದ ಕ್ಯಾಪ್ಸೂಲ್ ತೆಗೆದು, ನನ್ನ ಬಾಟಲಿಯ ನೀರಿನಲ್ಲೇ ನುಂಗಿದರು.

"ಇನ್ನೂ ತಗೋತಿದ್ದೀರಾ?"

"ಬಿಟ್ಟಿದ್ದ ಯಾವಾಗ್ರೀ ಅಕ್ಕಾರ. ಜ್ವರ ಬಂದಾಗಿಂದ ಹೊಟ್ಟಿ ಮೊದಲಿನಂಗ ಆಗೇ ಇಲ್ಲ. ಇದು ಒಮ್ಮೊಮ್ಮಿ ತಡೀತೈತಿ, ಒಮ್ಮೊಮ್ಮಿ ಇಲ್ಲ."

"ಮತ್ತೆ ಆ ಬಜ್ಜಿ ಎಲ್ಲಾ ತಿಂತಿದ್ರಲ್ಲ?"

"ತಿಂತಿದ್ದೆ. ಮನಿಗೆ ಹೋಗಿ ಒದ್ದಾಡ್ತಿದ್ದೆ." ಅವರು ಬಾಯೊರೆಸಿಕೊಂಡರು. "ಡಾಕ್ಟ್ರು ಬೈತಾರ. ಆದ್ರ ಮಂದಿ ಕೊಟ್ಟಿದ್ದು ಬ್ಯಾಡ ಅನ್ನಾಕ ನನಗ ಬರಂಗಿಲ್ರೀ. ನಿಮಗ ಹೇಳ್ಬೇಕಂತ ಇದ್ದೆ. ನೀವು ಜೋಡಿ ಕುಂದ್ರೋದು ಬಿಟ್ಟಿದ್ರಿ."

ಅಯ್ಯೋ ಪಾಪ ಎನ್ನಿಸಬೇಕಿತ್ತು. ಅವರದು ಗಟ್ಟಿ ಹೊಟ್ಟೆ, ಅದಕ್ಕೇ ಅವರು ಹಾಗಿದ್ದಾರೆ ಎಂದು ಅಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಆ ನೆಪವೂ ಹೋಯಿತು. ಅವರ ಭುಜ ಮುಟ್ಟಿದೆ. ಅಷ್ಟರಲ್ಲಿ ರೈಲು ಹೊರಡುವ ಸೂಚನೆ ಬಂತು.

ಕಿಟಕಿ ಪಕ್ಕ ಕೂತವರೇ ಅವರು ಎದುರು ಸೀಟಿನ ಹೆಂಗಸಿನೊಡನೆ ಮಾತಿಗಿಳಿದಿದ್ದರು. ರೈಲು ಚಲಿಸಿದಾಗ ನನ್ನ ಕಡೆ ತಿರುಗಿ ಕೈ ಬೀಸಿದರು. ನಾನೂ ಬೀಸಿದೆ. ಆ ಹೆಂಗಸು ಏನೋ ಹೇಳಿದಳು, ಸುವರ್ಣಾ ತಲೆ ಹಿಂದಕ್ಕೆ ಹಾಕಿ ನಕ್ಕರು. ಹುಬ್ಬಳ್ಳಿಯವರೆಗೂ ಅವರ ಎದುರಿಗೆ ಕೂತು ಹೋಗುವ ಆ ಅಪರಿಚಿತಳನ್ನು ಕಂಡು ನನ್ನ ಹೊಟ್ಟೆ ಧಗಧಗ ಉರಿಯಿತು.