ಪಕ್ಕಕ್ಕೆ ಎಳೆದ ಕುರ್ಚಿ

ಔಷಧಶಾಸ್ತ್ರದಲ್ಲಿ ಫಾರ್ಮ್‌ಡಿ ಮುಗಿಸಿ ಕಾಡುಗೋಡಿಯ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ತರಬೇತಿಗೆ ಸೇರಿದಾಗ ಹೊರರೋಗಿ ವಿಭಾಗದಲ್ಲಿ ನನಗೆ ಕಲಿಸಿದವರು ಒಬ್ಬ ಮೇಡಂ. ಔಷಧಿ ಕೌಂಟರಿನಿಂದ ಈಚೆ ಬಂದು, ಕುರ್ಚಿ ಎಳೆದುಕೊಂಡು ರೋಗಿಯ ಪಕ್ಕದಲ್ಲೇ ಕೂರುತ್ತಿದ್ದರು. "ಮನೇಲಿ ಹೆಂಗೆ ತಗೋತೀರ, ತೋರ್ಸಿ" ಅನ್ನುತ್ತಿದ್ದರು.

ಒಮ್ಮೆ ಉಬ್ಬಸದ ಅಜ್ಜಿಯೊಬ್ಬರಿಗೆ ಇನ್‌ಹೇಲರ್ ವಿವರಿಸಿ, ಫೈಲಿನಲ್ಲಿ 'ಅರ್ಥವಾಗಿದೆ' ಎಂದು ದುಂಡಗೆ ಬರೆದೆ. ಹೇಗೆ ತಗೊಳ್ಳುತ್ತೀರೆಂದು ತೋರಿಸಲು ಮೇಡಂ ಅಜ್ಜಿಯನ್ನು ಕೇಳಿದರು. ಇನ್‌ಹೇಲರಿಗೆ ಹಾಕಿ ಉಸಿರಿನಲ್ಲಿ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನು ಅಜ್ಜಿ ಬಾಯಿಗೆ ಹಾಕಿಕೊಂಡು, "ಒಸಿ ನೀರು ಕೊಡವ್ವ" ಎಂದರು.

ಮೇಡಂ ನನ್ನತ್ತ ನೋಡಲೇ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಬನ್ನಿ ಅಜ್ಜಿ, ಇಬ್ರೂ ಕಲಿಯೋಣ" ಎಂದು ತಾವೂ ಒಂದು ಇನ್‌ಹೇಲರ್ ಹಿಡಿದರು.

ಈಗ ನಾನೇ ಕಲಿಸುವವಳು. ಹೊಸಬರು "ಅರ್ಥ ಆಯ್ತಂತೆ ಮೇಡಂ" ಎಂದಾಗ, ಹಿಂದಿನಿಂದ ನನ್ನ ಮೇಡಂ ಕುರ್ಚಿ ಎಳೆಯುವ ಸದ್ದಿಗೆ ಒಂದು ಕ್ಷಣ ಕಾಯುತ್ತೇನೆ. ಆಮೇಲೆ ನಾನೇ ಎಳೆದುಕೊಳ್ಳುತ್ತೇನೆ.